ಫಿಯಟ್ಟಾ, ಹೆರಾಲ್ಡಾ, ಬೀಟಲ್ಲಾ? ಮೂರನ್ನೂ ಸಾಕಿದವನ ಲೆಕ್ಕಾಚಾರ

ಹಳೇ ಕಾರು ತಗೋಬೇಕು ಅಂತಿದೀನಿ ಯಾವ್ದು ಒಳ್ಳೇದು ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು ಒಂದೇ, ದಾರೀಲಿ ಕೈಕೊಟ್ರೆ ನೀವು ಬಾನೆಟ್ ಎತ್ತೋರಾ ಇಲ್ಲ ಫೋನ್ ಎತ್ತೋರಾ? ಫೋನ್ ಎತ್ತೋರಾದ್ರೆ ಸುಮ್ನೆ ಹೊಸ ಕಾರು ತಗೊಳ್ಳಿ ಸಾರ್. ಬಾನೆಟ್ ಎತ್ತೋರಾದ್ರೆ ಮಾತ್ರ ಮುಂದೆ ಓದಿ.

ನನ್ ಹತ್ರ ಮೂರೂ ಇದ್ವು. ಅಪ್ಪನ ಕಾಲದಿಂದ ಮನೇಲಿರೋ 1967ರ ಫಿಯಟ್ 1100 ಡಿಲೈಟ್, ಆಮೇಲೆ ಮೈಸೂರಲ್ಲೇ ರಿಟೈರ್ಡ್ ಮೇಷ್ಟ್ರೊಬ್ಬರ ಹತ್ರ ತಗೊಂಡ ಸ್ಟ್ಯಾಂಡರ್ಡ್ ಹೆರಾಲ್ಡ್ ಮಾರ್ಕ್ 3, ಕೊನೇಗೆ 1963ರ ಫೋಕ್ಸ್‌ವ್ಯಾಗನ್ ಬೀಟಲ್. ಫಿಯಟ್ಟು ಇಟಲಿ ಗಾಡಿ ಆದ್ರೂ ಹುಟ್ಟಿದ್ದು ಬಾಂಬೆ ಕುರ್ಲಾದಲ್ಲಿ, ಹೆರಾಲ್ಡು ಇಂಗ್ಲೆಂಡ್ ಗಾಡಿ ಆದ್ರೂ ಹುಟ್ಟಿದ್ದು ಮದ್ರಾಸಲ್ಲಿ, ಬೀಟಲ್ ಮಾತ್ರ ಜರ್ಮನಿಯಿಂದ ಹಡಗು ಹತ್ತಿ ಬಂದಿದ್ದು, ನಮ್ ದೇಶದಲ್ಲಿ ಅದು ತಯಾರಾಗ್ಲೇ ಇಲ್ಲ. ಪಾರ್ಟ್ಸ್ ವಿಷ್ಯದಲ್ಲಿ ಅರ್ಧ ಜಗಳ ಇಲ್ಲೇ ಮುಗಿದೋಯ್ತು.

ಫಿಯಟ್ ಪಾರ್ಟ್ಸ್‌ಗೆ ನಾನು ಒಂದಿನಾನೂ ಒದ್ದಾಡಿಲ್ಲ. ಅದೇ ಗಾಡಿ 1974ರಿಂದ ಪದ್ಮಿನಿ ಅಂತ ಹೆಸರು ಹಾಕ್ಕೊಂಡು ಹೆಚ್ಚುಕಮ್ಮಿ 2000ದವರೆಗೂ ಬಂತು, ಬಾಂಬೆ ಟ್ಯಾಕ್ಸಿ ಅಂದ್ರೇನೇ ಆಗ ಅದಾಗಿತ್ತು, ಹಾಗಾಗಿ ಆ 1089 ಸಿಸಿ ಇಂಜಿನ್ನಿಂದು ಪಾಯಿಂಟು, ಕಂಡೆನ್ಸರ್, ಪಿಸ್ಟನ್ ರಿಂಗು ಏನೇ ಬೇಕಂದ್ರೂ ಬೆಂಗ್ಳೂರು ಜೆಸಿ ರೋಡಲ್ಲಿ ಒಂದು ರೌಂಡ್ ಹೊಡೆದ್ರೆ ಸಿಗ್ತಿತ್ತು, ಇಲ್ಲಾಂದ್ರೆ ಗುಜರೀಲಿ ಗ್ಯಾರಂಟಿ. ಊರೂರಲ್ಲೂ ಅದನ್ನ ಬಿಚ್ಚಿ ಗೊತ್ತಿರೋ ಒಬ್ಬ ಮೇಸ್ತ್ರಿ ಇರ್ತಿದ್ದ.

ಕಾಟ ಕೊಟ್ಟಿಲ್ವಾ ಅಂದ್ರೆ ಕೊಟ್ಟಿದೆ. ಸ್ಟೇರಿಂಗ್ ಪಕ್ಕ ಗೇರ್ ಅಲ್ವಾ, ಅದರ ಲಿಂಕೇಜ್ ಬುಷ್ ಸವೆದು ಒಂದ್ಸಲ ಗೇರ್ ಸಿಕ್ಕಾಕೊಂಡು ಸಿಗ್ನಲ್ಲಲ್ಲಿ ಬಾನೆಟ್ ಎತ್ತಿ ಕೈಯಲ್ಲೇ ರಾಡ್ ಎಳೆದು ನ್ಯೂಟ್ರಲ್ ಮಾಡಿದೀನಿ, ಹಿಂದಿನ ಬಸ್ಸವನು ಹಾರ್ನ್ ಮೇಲಿಂದ ಕೈ ತೆಗೀಲಿಲ್ಲ. ಇನ್ನು ಏಪ್ರಿಲ್ ಬಿಸ್ಲಲ್ಲಿ ಸಂಪಾಜೆಯಿಂದ ಮಡಿಕೇರಿ ಹತ್ತುವಾಗ ಪೆಟ್ರೋಲ್ ಪಂಪ್ ಕಾದು ಒಳಗಿನ ಪೆಟ್ರೋಲ್ ಆವಿ ಆಗಿ ಗಾಡಿ ಗೊರಗೊರ ಅಂತ ನಿಲ್ಲೋದು. ಔಷಧಿ ಏನು, ಒದ್ದೆ ಬಟ್ಟೆ. ಅಮ್ಮ ಹಳೇ ಪಂಚೆ ತುಂಡು ಒಂದನ್ನ ಅದಕ್ಕಂತಾನೇ ಡಿಕ್ಕೀಲಿ ಇಟ್ಟಿರ್ತಿದ್ರು, ಪಂಪಿಗೆ ಸುತ್ತಿ ನೀರು ಹಾಕಿ ಹತ್ತು ನಿಮಿಷ ಕೂತ್ರೆ ಮತ್ತೆ ಹೊರಟ್ಬಿಡೋದು. ಅಪ್ಪ ಆ ಹತ್ತು ನಿಮಿಷಕ್ಕೆ ಫ್ಲಾಸ್ಕ್ ಕಾಫಿ ಟೈಮು ಅಂತ ಹೆಸರಿಟ್ಟಿದ್ರು.

ಹೆರಾಲ್ಡ್ ನೋಡೋಕೆ ಮೂರರಲ್ಲೂ ಚೆಂದ, ಇದರಲ್ಲಿ ಚರ್ಚೆ ಬೇಡ, ಮಿಕೆಲೊಟ್ಟಿ ಅಂತ ಇಟಲಿಯವನು ಗೆರೆ ಎಳೆದಿದ್ದು. ನನ್ನದು ನಾಲ್ಕು ಬಾಗ್ಲಿಂದು, ಇಂಗ್ಲೆಂಡಲ್ಲಿ ಈ ಕಾರಿಗೆ ಎರಡೇ ಬಾಗ್ಲು. ತಿರುಗೋಕೆ 25 ಅಡಿ ಸಾಕು, ನಮ್ ಅಗ್ರಹಾರದ ಗಲ್ಲೀಲಿ ಆಟೋದವರೇ ನಿಂತು ನೋಡೋರು. ರಿಪೇರಿಗೆ ಕೂತ್ರಂತೂ ಸ್ವರ್ಗ, ಎರಡೂ ಪಕ್ಕದ ಕ್ಲಿಪ್ ಬಿಚ್ಚಿದ್ರೆ ಮಡ್‌ಗಾರ್ಡ್ ಸಮೇತ ಇಡೀ ಮೂತಿ ಮುಂದಕ್ಕೆ ಬಗ್ಗುತ್ತೆ, ಮುಂದಿನ ಟೈರ್ ಮೇಲೇ ಕೂತ್ಕೊಂಡು ಕಾರ್ಬೊರೇಟರ್ ಬಿಚ್ಚಬಹುದು, ಸೊಂಟ ನೋವಿಲ್ಲ ಏನಿಲ್ಲ. ತೊಂದ್ರೆ ಏನಂದ್ರೆ ಯಾವಾಗ್ಲೂ ಅಲ್ಲೇ ಕೂತಿರ್ಬೇಕಾಗೋದು.

ಮುಂದಿನ ಚಕ್ರದ ಬುಡದಲ್ಲಿ ಟ್ರನಿಯನ್ ಅಂತ ಒಂದು ಹಿತ್ತಾಳೆ ಬಣ್ಣದ ತುಂಡು ಇರುತ್ತೆ, ಒಳಗೆ ಮರೆ, ಅಂದ್ರೆ ನಟ್ಟಿನ ಒಳಗಿರೋ ಥರ ಸುತ್ತು ಗೆರೆ, ಅದರಲ್ಲಿ ಸ್ಟೀಲಿನ ಕಡ್ಡಿ ಸ್ಕ್ರೂ ಥರ ಕೂತಿರುತ್ತೆ, ಸ್ಟೇರಿಂಗ್ ತಿರುಗಿಸಿದಾಗೆಲ್ಲ ಆ ಮರೇಲೇ ತಿರುಗೋದು. ಅದಕ್ಕೆ ಹಾಕ್ಬೇಕಾಗಿದ್ದು 90 ನಂಬರ್ ಗೇರ್ ಆಯಿಲ್, ಗ್ರೀಸ್ ಅಲ್ಲ. ಗ್ರೀಸ್ ಮರೆ ಒಳಗೆ ಹೋಗಲ್ಲ, ಗಟ್ಟಿಯಾಗಿ ಕೂತು ಒಳಗೆ ತುಕ್ಕು ಹಿಡಿದು ಕಡ್ಡಿ ಬಿಗಿಯುತ್ತೆ, ಬಿಗಿದ ಕಡ್ಡಿ ಒಂದಿನ ಮುರಿಯುತ್ತೆ. ಇದು ನಂಗೆ ಗೊತ್ತಿರ್ಲಿಲ್ಲ, ನಾನು ಸರ್ವಿಸ್ಸಿಗೆ ಕೊಡ್ತಿದ್ದ ಮೇಸ್ತ್ರಿಗೂ ಗೊತ್ತಿರ್ಲಿಲ್ಲ, ಪಾಪ ಅವನು ಎಲ್ಲಾ ಗಾಡಿಗೂ ಮಾಡೋ ಹಾಗೆ ಮೂರು ವರ್ಷ ಪ್ರೀತಿಯಿಂದ ಗ್ರೀಸ್ ಗನ್ ಒತ್ತಿದ. ಒಂದ್ ಭಾನುವಾರ ಗೇಟಿಂದ ಹೊರಗೆ ಬಂದು ಎಡಕ್ಕೆ ತಿರುಗಿಸ್ತಾ ಇದೀನಿ, ಟಣ್ ಅಂತ ಒಂದೇ ಸದ್ದು, ಮೂಗು ನೆಲಕ್ಕೆ ಇಳೀತು, ನೋಡಿದ್ರೆ ಚಕ್ರ ಮುರಿದ ಕಾಲಿನ ಥರ ಒಳಗೆ ಮಡಚ್ಕೊಂಡಿದೆ. ಸ್ಪೀಡು ಹತ್ತೂ ಇರ್ಲಿಲ್ಲ. ಹಿಂದಿನ ದಿನಾನೇ ಶ್ರೀರಂಗಪಟ್ಟಣದ ರೋಡಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಎಪ್ಪತ್ತರಲ್ಲಿ ಹೋಗಿ ಬಂದಿದ್ದೆ. ಅವತ್ತು ಮನೇಲಿ ಊಟ ಸೇರ್ಲಿಲ್ಲ.

ಬೀಟಲ್ ಈ ಎರಡಕ್ಕೂ ಸಂಬಂಧಾನೇ ಇಲ್ಲ, ಬೇರೆ ಜಾತಿ. ಇಂಜಿನ್ ಹಿಂದೆ, ರೇಡಿಯೇಟರ್ ಇಲ್ಲ ನೀರಿಲ್ಲ ಹೋಸ್ ಇಲ್ಲ, ಹಾಗಾಗಿ ಅದೇ ಸಂಪಾಜೆ ಘಾಟಿ ನಾನು ನಾಲ್ಕು ಸಲ ಹತ್ತಿಸಿದೀನಿ, ಒಂದ್ಸಲಾನೂ ನಿಂತಿಲ್ಲ, 34 ಹಾರ್ಸ್‌ಪವರ್ ಅಷ್ಟೇ ಇರೋದ್ರಿಂದ ಲಾರಿ ಹಿಂದೇನೇ ಹತ್ತಿದ್ದು ಅನ್ನೋದೂ ನಿಜ. ಆದ್ರೆ ಇಡೀ ಗಾಡಿ ಪ್ರಾಣ ಒಂದು ಬೆಲ್ಟಲ್ಲಿದೆ. ಡೈನಮೋಗೂ ಇಂಜಿನ್ ತಣ್ಣಗಿಡೋ ಫ್ಯಾನಿಗೂ ಅದೊಂದೇ ಬೆಲ್ಟ್, ಅದು ಕಿತ್ತೋದ್ರೆ ಕೆಂಪು ಲೈಟ್ ಹತ್ತುತ್ತೆ, ಹತ್ತಿದ ಕೂಡ್ಲೇ ನಿಲ್ಲಿಸ್ಬೇಕು, ಇನ್ನೊಂದ್ ಸ್ವಲ್ಪ ದೂರ ಅಂದ್ರೆ ಇಂಜಿನ್ ಸುಟ್ಟೋಗುತ್ತೆ, ಒದ್ದೆ ಪಂಚೆ ಇಲ್ಲಿ ಕೆಲ್ಸಕ್ಕೆ ಬರಲ್ಲ.

ಆ ಬೆಲ್ಟ್ ಬಿಗಿ ಮಾಡೋ ವಿಧಾನ ನಂಗೆ ಭಾರೀ ಇಷ್ಟ. ಪುಲ್ಲಿ ಎರಡು ಹೋಳು, ಮಧ್ಯೆ ತೆಳು ವಾಷರ್‌ಗಳು, ಬೆಲ್ಟ್ ಸಡ್ಲ ಆದ್ರೆ ಮಧ್ಯದಿಂದ ಒಂದು ವಾಷರ್ ತೆಗೀಬೇಕು, ಹೋಳುಗಳು ಹತ್ರ ಬಂದು ಬೆಲ್ಟ್ ಮೇಲಕ್ಕೆ ಏರಿ ಬಿಗಿಯಾಗುತ್ತೆ. ತೆಗೆದ ವಾಷರನ್ನ ಜೇಬಿಗೆ ಹಾಕೋ ಹಾಗಿಲ್ಲ, ಅದೇ ನಟ್ಟಿನ ಕೆಳಗೆ ಹೊರಗಡೆ ಪೇರಿಸಿಡ್ಬೇಕು, ಮುಂದೆ ಹೊಸ ಬೆಲ್ಟ್ ಹಾಕುವಾಗ ಅದೇ ಬೇಕು. ಯಾವನೋ ಪುಣ್ಯಾತ್ಮ ಜಿಪುಣ ಇಂಜಿನಿಯರ್ ಯೋಚ್ನೆ ಮಾಡಿರ್ಬೇಕು. 21ರ ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಹದಿನೈದು ನಿಮಿಷ.

ಬೀಟಲ್ ಬೈಬೇಕು ಅಂದ್ರೆ ಲೈಟಿಗೆ ಬೈಬೇಕು. ಆರು ವೋಲ್ಟ್, ರಾತ್ರಿ ನಂಜನಗೂಡು ರೋಡಲ್ಲಿ ದೀಪಾವಳಿ ಹಣತೆ ಹಿಡ್ಕೊಂಡು ಹೋದ ಹಾಗೆ. ಪೆಟ್ರೋಲ್ ಮುಚ್ಚಳ ಮುಂದಿನ ಡಿಕ್ಕಿ ಒಳಗೇ ಇರೋದ್ರಿಂದ ಬಂಕಲ್ಲಿ ಬ್ಯಾಗೆಲ್ಲ ಸರಿಸ್ಬೇಕು, ಮದ್ವೆಗೆ ಹೋದ್ರೆ ರೇಷ್ಮೆ ಸೀರೆಗೂ ಪೆಟ್ರೋಲ್ ವಾಸ್ನೆ. ಪಾರ್ಟ್ಸು ಹೊರದೇಶದಿಂದ ಬರೋ ನೆಂಟರ ಸೂಟ್‌ಕೇಸಲ್ಲಿ ಬರ್ಬೇಕು, ನಮ್ ಭಾವ ಒಂದ್ಸಲ ಚಾಕ್ಲೇಟ್ ಬದ್ಲು ಕ್ಲಚ್ ಕೇಬಲ್ ತಂದ್ರು ಅಂತ ಮಗಳು ಎರಡು ದಿನ ಮಾತಾಡ್ಲಿಲ್ಲ.

ಓಡಿಸೋಕೆ ಕೇಳಿದ್ರೆ ಊರೊಳಗೆ ಹೆರಾಲ್ಡ್, ಲಾಂಗ್ ರೋಡಿಗೆ ಬೀಟಲ್, ತುಂಬಿದ ಸಂಸಾರ ಲಗೇಜು ಅಂದ್ರೆ ಫಿಯಟ್. ತಿರುವಲ್ಲಿ ಮಾತ್ರ ಹೆರಾಲ್ಡ್ ಬೀಟಲ್ ಎರಡಕ್ಕೂ ಹುಷಾರು, ಗಾಬರೀಲಿ ತಟ್ಟನೆ ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಒತ್ತಿದ್ರೆ ಹಿಂದಿನ ಚಕ್ರ ಒಳಗೆ ಮಡಚೋ ಥರ ಮಾಡುತ್ತೆ, ಆ ಆಕ್ಸಲ್ಲೇ ಹಾಗೆ. ಫಿಯಟ್ಟಿಗೆ ಹಿಂದೆ ಗಟ್ಟಿ ಆಕ್ಸಲ್ಲು, ಲಾರಿ ಥರ ಪಟ್ಟೆ ಸ್ಪ್ರಿಂಗು, ಎತ್ತಾಕುತ್ತೆ ಆದ್ರೆ ಮೋಸ ಮಾಡಲ್ಲ.

ಈಗ ಮನೇಲಿರೋದು ಫಿಯಟ್ಟು ಬೀಟಲ್ಲು. ಒಂದನ್ನೇ ಇಟ್ಕೋ ಅಂದ್ರೆ ಫಿಯಟ್ಟೇ, ಕೈಕೊಡುತ್ತೆ ನಿಜ, ಆದ್ರೆ ಕೈಕೊಟ್ಟ ಜಾಗದಿಂದಾನೇ ಪಂಚೆ ತುಂಡಲ್ಲೋ ತಂತೀಲೋ ಮನೆಗೆ ಬರುತ್ತೆ. ಹೆರಾಲ್ಡ್ ರಿಪೇರಿ ಮಾಡ್ಸಿ ಹಾಸನದ ಹುಡುಗನೊಬ್ಬನಿಗೆ ಕೊಟ್ಟೆ, ಕೊಡೋ ಮುಂಚೆ ಬಾನೆಟ್ ಒಳಗಡೆ ಬಿಳಿ ಪೇಂಟಲ್ಲಿ ದಪ್ಪಗೆ ಗ್ರೀಸ್ ಬೇಡ ಆಯಿಲ್ ಅಂತ ಬರೆದೆ. ಹೋದ ತಿಂಗ್ಳು ಫೋನ್ ಮಾಡಿದ್ದ, ಸಾರ್ ಪೇಂಟ್ ಮಾಡ್ಸೋಕೆ ಬಿಟ್ಟಿದ್ದೆ, ಒಳಗೂ ನೀಟಾಗಿ ಹೊಡೆದಿದಾರೆ, ಅದೇನೋ ಬರೆದಿದ್ರಲ್ಲ ಏನದು ಅಂತ.