ಬೆಳ್ಳಿ ಬಣ್ಣಕ್ಕೆ ದುಡ್ಡು ಕೊಟ್ಟು ಕೆಟ್ಟೆ: ಬಾತುಬೇಟೆಗೆ ನಾಯಿ ಕೊಳ್ಳುವವರು ಮುಂಗಡ ಕಳಿಸುವ ಮುಂಚೆ ಓದಿ

ಮಿನೆಸೋಟಾದಲ್ಲೋ ವಿಸ್ಕಾನ್ಸಿನ್ನಲ್ಲೋ ಇದ್ದುಕೊಂಡು, ನನ್ನ ಹಾಗೆ ನಲವತ್ತು ದಾಟಿದ ಮೇಲೆ ಬಾತುಬೇಟೆಯ ಹುಚ್ಚು ಹತ್ತಿಸಿಕೊಂಡು, "ಯಾವ ತಳಿ ಒಳ್ಳೇದು" ಅಂತ ರಾತ್ರಿಯೆಲ್ಲ ಹುಡುಕುತ್ತಾ ಕೂತಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇಟೆ ಬೇಡ, ಮನೆಯಲ್ಲಿ ಒಂದು ಲ್ಯಾಬ್ (ಲ್ಯಾಬ್ರಡಾರ್ ನಾಯಿ) ಇದ್ದರೆ ಸಾಕು ಅನ್ನುವವರೂ ಓದಿ. ನನ್ನ ನಾಯಿಗೆ ಆದದ್ದು ಕೋವಿಯಿಂದ ಆದದ್ದಲ್ಲ. ಬೆಂಗಳೂರಿನ ಪಾರ್ಕಿನಲ್ಲಿ ಚೆಂಡು ಎಸೆದಿದ್ದರೂ ಆಗುತ್ತಿತ್ತು.

ಕಳೆದ ಅಕ್ಟೋಬರಿನ ಎರಡನೇ ಶನಿವಾರ. ಪಶ್ಚಿಮ ಮಿನೆಸೋಟಾದಲ್ಲಿ ಲಾಕ್ ಕೀ ಪಾರ್ಲ್ ಅಂತ ಒಂದು ಸರೋವರವಿದೆ, ಫ್ರೆಂಚಿನಲ್ಲಿ "ಮಾತಾಡುವ ಕೆರೆ" ಎಂದು ಅರ್ಥ. ಅದರ ಆಸುಪಾಸಿನ ಒಂದು ಜೌಗಿನಲ್ಲಿ ಬೆಳಗಾಗುವ ಮುಂಚೆಯೇ ನಿಜದ ಬಾತುಗಳನ್ನು ಸೆಳೆಯಲು ಪ್ಲಾಸ್ಟಿಕ್ ಬಾತುಗಳನ್ನು ತೇಲಿಬಿಟ್ಟು, ಜೊಂಡಿನ ಮರೆಯಲ್ಲಿ ನಾನು, ಪಕ್ಕದ ಮನೆಯ ಹಿರಿಯರು, ನನ್ನ ಹದಿನೈದು ತಿಂಗಳ ಲ್ಯಾಬ್ ಬೆಳ್ಳಿ ಕೂತಿದ್ದೆವು. ಮೊದಲ ಬಾತು ಬಿದ್ದಾಗ ಬೆಳ್ಳಿ ಬಾಣದ ಹಾಗೆ ಹೋಗಿ ತಂದಳು. ಎರಡನೆಯದು ಜೊಂಡಿನೊಳಗೆ ಬಿದ್ದಿತ್ತು. ಹತ್ತು ನಿಮಿಷ ಹುಡುಕಿ ಅದನ್ನೂ ತಂದಳು. ಹಿರಿಯರು ನನ್ನ ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಮೂರನೆಯದು ದಡದಿಂದ ಮೂವತ್ತು ಗಜ ಆಚೆ, ತೆರೆದ ನೀರಿನಲ್ಲಿ ಬಿತ್ತು. ಬೆಳ್ಳಿ ಬಾತನ್ನು ಕಚ್ಚಿ ತಿರುಗಿದಳು. ಅರ್ಧ ದಾರಿಗೆ ಬಂದಾಗ ಅವಳ ಸೊಂಟ ನೀರಿಗೆ ಇಳಿಯತೊಡಗಿತು. ಮುಂಗಾಲು ಬಡಿಯುತ್ತಿವೆ, ಹಿಂಗಾಲಿನ ಸುಳಿವೇ ಇಲ್ಲ. ಬಾಯಲ್ಲಿದ್ದ ಬಾತನ್ನು ಮಾತ್ರ ಬಿಟ್ಟಿರಲಿಲ್ಲ. ನಾನು ಕೋವಿ ಬಿಸಾಡಿ ಇಳಿದೆ. ಎದೆಮಟ್ಟದ ನೀರು, ಕಾಲ ಕೆಳಗೆ ಕೆಸರು, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ವೇಡರ್ (ಎದೆಯವರೆಗೆ ಬರುವ ರಬ್ಬರ್ ಉಡುಪು) ಒಳಗೆ ನೀರು ನುಗ್ಗಿ ನಾನೂ ಹೋಗುತ್ತಿದ್ದೆ. ಕುತ್ತಿಗೆಯ ಚರ್ಮ ಹಿಡಿದು ಎಳೆದುಕೊಂಡು ಬಂದೆ.

ದಡದಲ್ಲಿ ಅವಳ ಹಿಂಗಾಲುಗಳು ಹಿಂಡದ ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದವು. ಕಣ್ಣು ಮಾತ್ರ ಚುರುಕು, ಇನ್ನೊಂದು ಬಾತು ಎಲ್ಲಿ ಬೀಳುತ್ತದೆ ಅಂತ ಆಕಾಶ ನೋಡುತ್ತಿದ್ದಳು. ಕಾಲು ಗಂಟೆ ಕಳೆದಿರಬೇಕು, ಎದ್ದು ಮೈ ಕೊಡವಿ, ಏನೂ ಆಗಿಲ್ಲವೆಂಬಂತೆ ಮತ್ತೆ ನೀರಿನ ಕಡೆ ಹೊರಟಳು. ಬೆಲ್ಟ್ ಹಾಕಿ ಕಾರಿಗೆ ಎತ್ತಿಕೊಂಡು ಹೋದೆ.

ಈಗ ತಪ್ಪು ಎಲ್ಲಿ ಶುರುವಾಯಿತು ಅನ್ನುವುದಕ್ಕೆ ಬರುತ್ತೇನೆ.

ಇಲ್ಲಿ ನಾಯಿ ಯಾಕೆ ಬೇಕೆಂದರೆ, ಹೊಡೆದು ಬೀಳಿಸಿದ ಹಕ್ಕಿಯನ್ನು ಹುಡುಕಿ ತರುವುದು ಕಾನೂನಿನ ಪ್ರಕಾರವೂ ಬೇಟೆಗಾರನ ಜವಾಬ್ದಾರಿ. ಗಾಯವಾದ ಬಾತು ಜೊಂಡಿಗೆ ನುಗ್ಗಿದರೆ ಮನುಷ್ಯನ ಕಣ್ಣಿಗೆ ಸಿಗುವುದಿಲ್ಲ, ನಾಯಿಯ ಮೂಗಿಗೆ ಸಿಗುತ್ತದೆ. ಲೈಸೆನ್ಸು, 25 ಡಾಲರಿನ ಡಕ್ ಸ್ಟ್ಯಾಂಪು (ಬಾತುಬೇಟೆಗಾರರು ಕೊಳ್ಳಲೇಬೇಕಾದ ಸರ್ಕಾರಿ ಚೀಟಿ, 1934ರಿಂದ ಇದೆ, ಅದರ ದುಡ್ಡೆಲ್ಲ ಹೆಚ್ಚುಕಮ್ಮಿ ಜೌಗುಭೂಮಿ ಉಳಿಸಲು ಹೋಗುತ್ತದೆ), ಸೀಸದ ಬದಲು ಉಕ್ಕಿನ ಚರೆಯ ತೋಟಾ, ಎಲ್ಲ ಮಾಡಿಕೊಂಡೆ. ಊರಲ್ಲಿ ಇದನ್ನು ಯಾರೂ ಅನುಕರಿಸಲು ಹೋಗಬೇಡಿ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಕಾಡುಬಾತಿಗೆ ಈಡು ಹೊಡೆಯುವುದು ಅಪರಾಧ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ದುರ್ಬೀನಿನಲ್ಲಿ ನೋಡುವುದಷ್ಟೇ ನಮ್ಮ ಪಾಲು.

ಆಮೇಲೆ ಆರು ತಿಂಗಳು ತಳಿಗಳನ್ನು ಓದಿದೆ. ಓದುವುದೇನೋ ಸುಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಚೆಸಾಪೀಕ್ ಬೇ ರಿಟ್ರೀವರ್ ತಳಿಯ ಕತೆ ಶುರುವಾಗುವುದೇ 1807ರಲ್ಲಿ ಮೇರಿಲ್ಯಾಂಡ್ ಕರಾವಳಿಯಲ್ಲಿ ಮುಳುಗುತ್ತಿದ್ದ ಹಡಗಿನಿಂದ ಉಳಿಸಿದ ಎರಡು ಮರಿಗಳಿಂದ. ಅದರ ಎಣ್ಣೆಪಸೆಯ, ಅಲೆಅಲೆಯಾದ ತುಪ್ಪಳಕ್ಕೆ ಹಿಮದಂಥ ನೀರೂ ಲೆಕ್ಕಕ್ಕಿಲ್ಲ, ಆದರೆ ಹಟಮಾರಿ, ಮೊದಲ ಸಲ ನಾಯಿ ಪಳಗಿಸುವವನ ಕೈಗೆ ಸಿಗುವಂಥದ್ದಲ್ಲ. ಸೌತ್ ಕ್ಯಾರೊಲಿನಾದ ಬಾಯ್ಕಿನ್ ಸ್ಪ್ಯಾನಿಯೆಲ್ ಪುಟ್ಟದು, ಸಣ್ಣ ದೋಣಿಗೆ ಹೇಳಿ ಮಾಡಿಸಿದ್ದು, ಆದರೆ ನಮ್ಮ ನವೆಂಬರಿನ ಮಂಜುಗಡ್ಡೆಗೆ ಆಗಿಬರುವುದಿಲ್ಲ. ನೋವಾ ಸ್ಕಾಶಿಯಾದ ಟೋಲರ್ ದಡದ ಮೇಲೆ ಕುಣಿದಾಡಿ, ಇದೇನಪ್ಪಾ ಅಂತ ನೋಡಲು ಬರುವ ಬಾತುಗಳನ್ನು ಕೋವಿಯ ಅಳತೆಗೆ ತರುತ್ತದೆ. ಪಾರ್ಲರಿನ ನಾಯಿ ಅಂತ ನಾವು ನಗುವ ದೊಡ್ಡ ಪೂಡಲ್ ಕೂಡ ಮೂಲದಲ್ಲಿ ನೀರಿನ ಬೇಟೆನಾಯಿ. ಗೋಲ್ಡನ್ ರಿಟ್ರೀವರ್ ಬುದ್ಧಿವಂತ, ಆದರೆ ಆ ಉದ್ದ ಕೂದಲಿನಿಂದ ಮುಳ್ಳು ಬಿಡಿಸುವಷ್ಟರಲ್ಲಿ ಸಂಜೆಯಾಗುತ್ತದೆ.

ಕೊನೆಗೆ ಎಲ್ಲರ ಹಾಗೆ ಲ್ಯಾಬಿಗೇ ಬಂದೆ. ಆ ಆಯ್ಕೆ ತಪ್ಪಲ್ಲ. ತಣ್ಣೀರು ತಡೆಯುವ ಎರಡು ಪದರದ ತುಪ್ಪಳ, ಚುಕ್ಕಾಣಿಯಂಥ ದಪ್ಪ ಬಾಲ, ಕಲಿಯುವ ಆಸೆ, ಹೊಸಬನ ತಪ್ಪನ್ನು ಕ್ಷಮಿಸುವ ಸ್ವಭಾವ. ತಳಿ ಆರಿಸಲು ಆರು ತಿಂಗಳು ತೆಗೆದುಕೊಂಡವನು ಮರಿ ಆರಿಸಿದ್ದು ಮಾತ್ರ ಒಂದೇ ಸಂಜೆಯಲ್ಲಿ, ಒಂದು ಫೋಟೋ ನೋಡಿ.

ಫೋಟೋದಲ್ಲಿದ್ದದ್ದು "ಸಿಲ್ವರ್ ಲ್ಯಾಬ್". ಉಕ್ಕಿನ ಪಾತ್ರೆಯಂಥ ಹೊಳಪು, ನೀಲಿ ಕಣ್ಣು. "ಅಪರೂಪದ ಬಣ್ಣ, ಬೇಟೆ ವಂಶ, ಎಕೆಸಿ (ಅಮೆರಿಕನ್ ಕೆನಲ್ ಕ್ಲಬ್) ನೋಂದಣಿ" ಅಂತ ಬರೆದಿತ್ತು. ಬೆಲೆ 1,800 ಡಾಲರ್. ಅದೇ ರಾತ್ರಿ ಮುನ್ನೂರು ಮುಂಗಡ ಕಳಿಸಿದೆ. ಹೆಂಡತಿ "ರೀ, ಒಂದ್ಸಲ ಹೋಗಿ ನೋಡ್ಕೊಂಡ್ ಬರೋಣ" ಅಂದಳು. ನಾಲ್ಕು ಗಂಟೆ ದಾರಿ ಅಂತ ನಾನೇ ಬೇಡವೆಂದೆ. ಮಾರುವವರೂ "ನೀವ್ಯಾಕೆ ಅಷ್ಟು ದೂರ ಬರ್ತೀರಿ, ಅರ್ಧ ದಾರಿಗೆ ನಾವೇ ತರ್ತೀವಿ" ಅಂದರು. ಎಷ್ಟು ಒಳ್ಳೆಯವರು ಅಂದುಕೊಂಡೆ! ಪೆಟ್ರೋಲ್ ಬಂಕಿನ ಪಾರ್ಕಿಂಗಿನಲ್ಲಿ, ಕಾರಿನ ಡಿಕ್ಕಿಯಿಂದ ಮರಿ ನನ್ನ ಕೈಗೆ ಬಂತು. ಬಣ್ಣ ನೋಡಿ ಬೆಳ್ಳಿ ಎಂದು ಹೆಸರಿಟ್ಟೆವು.

ಊರಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ನಮ್ಮದು ಜಮಖಂಡಿ ಕಡೆ, ಅಜ್ಜನ ಮನೆಯಲ್ಲಿ ಮುಧೋಳ ನಾಯಿ ಇದ್ದವು. ಅಪ್ಪ ಕೇಳಿದ ಮೊದಲ ಪ್ರಶ್ನೆ: "ತಮ್ಮಾ, ಇದರ ತಾಯಿನ್ನ ನೋಡಿದೇನು?"

"ಫೋಟೋ ನೋಡೇನ್ರಿ ಅಪ್ಪಾ."

"ಫೋಟೋದಾಗಿನ ಎತ್ತು ಹೊಲಾ ಉಳತೈತೇನು? ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರ, ಅಷ್ಟೂ ತಿಳೀಲಿಲ್ಲೇನು ನಿನಗ?"

ಸಂತೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ಎಣಿಸಿ, ಸುಳಿ ನೋಡಿ, ಹತ್ತು ಹೆಜ್ಜೆ ನಡೆಸಿ, ಆಮೇಲೆ ಟವೆಲ್ಲಿನ ಕೆಳಗೆ ಕೈ ಹಾಕುವ ಮನುಷ್ಯ ಅವರು. ಪಕ್ಕದ ಮನೆಯ ಹಿರಿಯರೂ ಬೇಲಿಯಾಚೆಯಿಂದ ಇಂಗ್ಲಿಷಿನಲ್ಲಿ ಕೇಳಿದ್ದು ಇದನ್ನೇ, ಅಪ್ಪ ಅಮ್ಮನ ಕಾಗದ ಎಲ್ಲಿ ಅಂತ. ನಾನು ಎಕೆಸಿ ಕಾಗದ ತೋರಿಸಿದೆ. ಅವರು ನಕ್ಕರು. ಎಕೆಸಿ ನೋಂದಣಿ ಎಂದರೆ ಇಂಥ ನಾಯಿಗೆ ಇಂಥದ್ದು ಹುಟ್ಟಿತು ಅನ್ನುವ ದಾಖಲೆ, ಅಷ್ಟೇ. ಪಹಣಿ ಕೈಯಲ್ಲಿದೆ ಅಂದಮಾತ್ರಕ್ಕೆ ಬಾವಿಯಲ್ಲಿ ನೀರಿದೆ ಎಂದಾಗುವುದಿಲ್ಲವಲ್ಲ. ಬೆಳ್ಳಿಯನ್ನು ಅದರಲ್ಲಿ ಬರೆದಿರುವುದೂ "ಚಾಕೊಲೇಟ್" ಅಂತ. ಲ್ಯಾಬಿಗೆ ತಳಿಮಾನದಲ್ಲಿ ಇರುವುದು ಕಪ್ಪು, ಹಳದಿ, ಚಾಕೊಲೇಟ್ ಮೂರೇ ಬಣ್ಣ. ಬಣ್ಣ ತಿಳಿಯಾಗಿಸುವ ಜೀನು ತಾಯಿತಂದೆ ಇಬ್ಬರಿಂದಲೂ ಬಂದರೆ ಚಾಕೊಲೇಟ್ ಬೆಳ್ಳಿಯಾಗುತ್ತದೆ. ಅಂಥ ಕೆಲವು ನಾಯಿಗಳಿಗೆ ಬೆಳೆದ ಮೇಲೆ ಕೂದಲು ಉದುರುವ ತೊಂದರೆಯೂ ಉಂಟು. ಬಣ್ಣವೊಂದನ್ನೇ ಗುರಿಯಾಗಿಟ್ಟು ಜೋಡಿ ಕೂಡಿಸುವವರು ಉಳಿದದ್ದರ ಕಡೆ ಎಷ್ಟು ಗಮನ ಕೊಡುತ್ತಾರೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಒಂದು ವಿಷಯವನ್ನು ಮಾತ್ರ ಸರಿಯಾಗಿ ಮಾಡಿದೆ. ಗುಂಡಿನ ಸದ್ದು ಪರಿಚಯಿಸುವಾಗ ಹಿರಿಯರ ಮಾತು ಕೇಳಿದೆ. ನಾಯಿಯನ್ನು ನೇರವಾಗಿ ಶೂಟಿಂಗ್ ರೇಂಜಿಗೆ ಒಯ್ದು ಜನ್ಮಪೂರ್ತಿ ಹೆದರುಪುಕ್ಕಲು ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ನಾವು ರೆಕ್ಕೆ ಕಟ್ಟಿದ ಬೊಂಬೆಯ ಹಿಂದೆ ಅವಳು ಓಡುತ್ತಿರುವಾಗ, ನೂರು ಗಜ ದೂರದಲ್ಲಿ ಆಟದ ಪಿಸ್ತೂಲಿನ ಕೇಪು ಸಿಡಿಸಿ, ವಾರಗಟ್ಟಲೆ ಸಮಯ ತೆಗೆದುಕೊಂಡು ಹತ್ತಿರ ಬಂದೆವು. ಸದ್ದು ಕೇಳಿದರೆ ಸಾಕು, ಬೆಳ್ಳಿ ಖುಷಿಯಿಂದ ನಡುಗುತ್ತಿದ್ದಳು. ಅವಳ ಕಾಯಿಲೆಯನ್ನು ಕೆರಳಿಸುವುದೂ ಆ ಖುಷಿಯೇ ಎಂದು ಆಮೇಲೆ ಗೊತ್ತಾಯಿತು.

ಪಶುವೈದ್ಯರು ಮೊದಲು ಚಳಿಯೋ ಸಕ್ಕರೆ ಕಡಿಮೆಯಾದದ್ದೋ ಎಂದು ನೋಡಿದರು. ರಕ್ತದಲ್ಲಿ ಏನೂ ಸಿಗಲಿಲ್ಲ. ನಾನು ಫೋನಿನಲ್ಲಿ ಹಿಡಿದಿದ್ದ ಅರ್ಧ ನಿಮಿಷದ ವಿಡಿಯೋ ನೋಡಿದ ಮೇಲೆ ಜೀನ್ ಪರೀಕ್ಷೆಗೆ ಬರೆದುಕೊಟ್ಟರು. ಉತ್ತರ ಬಂತು: ಇಐಸಿ, ತಾಯಿತಂದೆ ಇಬ್ಬರಿಂದಲೂ ಆ ಜೀನಿನ ಕೆಟ್ಟ ಪ್ರತಿಯೇ ಬಂದಿದೆ. ವ್ಯಾಯಾಮದಿಂದ ಕುಸಿದುಬೀಳುವ ರೋಗ. ನರದ ತುದಿಯಿಂದ ಸಂದೇಶ ಸಾಗಲು ನೆರವಾಗುವ ಒಂದು ಪ್ರೋಟೀನು ಇಂಥ ನಾಯಿಗಳಲ್ಲಿ ದೋಷಪೂರಿತ. ಸುಮ್ಮನೆ ನಡೆದಾಡುವಾಗ ಸಾಕಾಗುತ್ತದೆ. ಐದರಿಂದ ಇಪ್ಪತ್ತು ನಿಮಿಷ ಜೋರಾಗಿ ಓಡಿ, ಜೊತೆಗೆ ಉದ್ವೇಗವೂ ಸೇರಿದರೆ ಕೈಕೊಡುತ್ತದೆ, ಹಿಂಗಾಲು ಮೊದಲು ಸೋಲುತ್ತದೆ. ಹೆಚ್ಚಿನವು ಚೇತರಿಸಿಕೊಳ್ಳುತ್ತವೆ, ಕೆಲವು ಸಾಯುತ್ತವೆ, ನೀರಿನಲ್ಲಿದ್ದರೆ ಮುಳುಗುತ್ತವೆ. ಗುಣಪಡಿಸುವ ಔಷಧಿಯಿಲ್ಲ.

ನನ್ನ ಹೊಟ್ಟೆ ಉರಿದದ್ದು ಇದನ್ನು ಓದಿದಾಗ: ಈ ಜೀನನ್ನು 2008ರಲ್ಲಿ ಗುರುತಿಸಿ ಪ್ರಕಟಿಸಿದ ತಂಡವನ್ನು ನಡೆಸಿದ್ದು ನನ್ನ ಮನೆಯಿಂದ ಅರ್ಧ ಗಂಟೆ ದೂರದ ಮಿನೆಸೋಟಾ ವಿಶ್ವವಿದ್ಯಾಲಯದವರೇ. ಪರೀಕ್ಷೆಗೆ ನೂರು ಡಾಲರೂ ಆಗುವುದಿಲ್ಲ. ಲ್ಯಾಬ್‌ಗಳಲ್ಲಿ ಸುಮಾರು ಮೂರರಲ್ಲೊಂದು ಒಂದು ಕೆಟ್ಟ ಪ್ರತಿ ಹೊತ್ತಿರುತ್ತದೆ, ಅದಕ್ಕೇನೂ ಆಗುವುದಿಲ್ಲ. ಅಂಥ ಎರಡನ್ನು ಕೂಡಿಸಿದರೆ ಮಾತ್ರ ನಾಲ್ಕು ಮರಿಗಳಲ್ಲಿ ಒಂದರ ಲೆಕ್ಕದಲ್ಲಿ ರೋಗ ಬರುತ್ತದೆ. ತಾಯಿತಂದೆಯಲ್ಲಿ ಒಂದು ಪೂರ್ತಿ ಶುದ್ಧವಾಗಿದ್ದರೂ ಯಾವ ಮರಿಗೂ ಬರುವುದಿಲ್ಲ. ಎಂಜಲಿನ ಒಂದು ಪರೀಕ್ಷೆಯಿಂದ ಮುಗಿಯುತ್ತಿದ್ದ ಕೆಲಸ. ಚೆಸಾಪೀಕ್ ಮತ್ತು ಬಾಯ್ಕಿನ್‌ಗಳಲ್ಲೂ ಇದಿದೆ, ಆದ್ದರಿಂದ ತಳಿ ಬದಲಿಸಿದರೆ ಪಾರಾದೆವು ಅಂದುಕೊಳ್ಳಬೇಡಿ.

ಮಾರಿದವರಿಗೆ ಫೋನ್ ಮಾಡಿದೆ. "ನಮ್ಮ ಮರಿಗಳ ಬಗ್ಗೆ ಇದುವರೆಗೂ ಯಾರೂ ದೂರಿಲ್ಲ, ನೀವೇ ಜಾಸ್ತಿ ಓಡಿಸಿರಬೇಕು" ಅಂದರು. ಬೇಟೆನಾಯಿ ಅಂತ ಮಾರಿ, ಓಡಿಸಿದ್ದು ತಪ್ಪು ಅಂದರೆ ಏನು ಹೇಳುವುದು? "ಆರೋಗ್ಯ ಗ್ಯಾರಂಟಿ"ಯ ಕಾಗದ ತೆಗೆದು ಓದಿದೆ. ಬೆಳ್ಳಿಯನ್ನು ವಾಪಸ್ ಕೊಟ್ಟರೆ, ಅದೇ ಜೋಡಿಯ ಇನ್ನೊಂದು ಮರಿ ಕೊಡುತ್ತಾರಂತೆ. ವರ್ಷಕ್ಕೂ ಹೆಚ್ಚು ಕಾಲ ನಮ್ಮ ಮಂಚದ ಕೆಳಗೆ ಮಲಗಿದವಳನ್ನು ಯಾರು ವಾಪಸ್ ಕೊಡುತ್ತಾರೆ? ಹಾಗೆ ಬರೆಯುವವರಿಗೂ ಅದು ಗೊತ್ತು.

ಆಗ ಕೂತು ಹಳೆಯ ಕಾಗದ ನೋಡಿದಾಗ ಇನ್ನೊಂದು ಕಣ್ಣಿಗೆ ಬಿತ್ತು. ಬೆಳ್ಳಿ ಹುಟ್ಟಿದಾಗ ಅವಳ ತಾಯಿಗೆ ಒಂದೂವರೆ ವರ್ಷ. ಸೊಂಟದ ಕೀಲಿಗೆ, ನಾಯಿಗಳ ಆರೋಗ್ಯ ಪರೀಕ್ಷೆಗಳನ್ನು ದಾಖಲಿಸುವ ಓಎಫ್‌ಎ ಸಂಸ್ಥೆಯ ಅಂತಿಮ ದರ್ಜೆ ಸಿಗುವುದೇ ನಾಯಿಗೆ 24 ತಿಂಗಳು ತುಂಬಿದ ಮೇಲೆ. ಅಂದರೆ "ಸೊಂಟ ಪರೀಕ್ಷೆ ಆಗಿದೆ" ಅಂತ ಅವರು ಬಾಯಲ್ಲಿ ಹೇಳಿದ್ದು ಆ ದರ್ಜೆಯಂತೂ ಆಗಿರಲು ಸಾಧ್ಯವಿರಲಿಲ್ಲ. ಇದನ್ನು ತಿಳಿಯಲು ನನಗೆ ಬೇಕಾಗಿದ್ದದ್ದು ಒಂದು ಕೂಡುವ-ಕಳೆಯುವ ಲೆಕ್ಕ.

ಹಾಗಾಗಿ ನೀವು ಮಾಡಬೇಕಾದ್ದು ಇಷ್ಟು. ಮರಿಯ ಫೋಟೋ ಕಳಿಸಿದರೆ, ತಾಯಿತಂದೆಯ ನೋಂದಾಯಿತ ಪೂರ್ತಿ ಹೆಸರು ಕೇಳಿ. ಓಎಫ್‌ಎ ಜಾಲತಾಣದಲ್ಲಿ ಆ ಹೆಸರು ಹಾಕಿದರೆ ಸೊಂಟ, ಮೊಣಕೈ, ಕಣ್ಣು, ಇಐಸಿ ಫಲಿತಾಂಶ ಯಾರಿಗಾದರೂ ಪುಕ್ಕಟೆಯಾಗಿ ಕಾಣುತ್ತದೆ. ಅಲ್ಲಿ ಇಲ್ಲದಿದ್ದರೆ ಪ್ರಯೋಗಾಲಯದ ಕಾಗದವನ್ನೇ ಕೇಳಿ. "ನಮ್ಮ ಡಾಕ್ಟರು ನೋಡಿದ್ದಾರೆ" ಅನ್ನುವುದು ಉತ್ತರವಲ್ಲ. ಹೆಸರಿನ ಹಿಂದೆಮುಂದೆ ಜೆಎಚ್ (ಜೂನಿಯರ್ ಹಂಟರ್), ಎಂಎಚ್ (ಮಾಸ್ಟರ್ ಹಂಟರ್) ಥರದ ಬೇಟೆ ಪರೀಕ್ಷೆಯ ಬಿರುದಿದೆಯಾ ನೋಡಿ. ಇಲ್ಲದಿದ್ದರೆ "ಬೇಟೆ ವಂಶ" ಎಂಬುದು ಜಾಹೀರಾತಿನ ಮಾತು. ಮನೆಗೆ ಹೋಗಿ, ತಾಯಿಯನ್ನು ನೀರಿಗೆ ಇಳಿಸಿ ತೋರಿಸಲು ಹೇಳಿ. ನಾಲ್ಕು ಗಂಟೆ ದಾರಿಯಾದರೂ ಹೋಗಿ.

ನಾನೀಗ ಒಬ್ಬರ ಕಾಯುವ ಪಟ್ಟಿಯಲ್ಲಿದ್ದೇನೆ. ಕಪ್ಪು ಲ್ಯಾಬ್, ತಾಯಿಗೆ ನಾಲ್ಕು ವರ್ಷ, ಇಐಸಿ ಶುದ್ಧ. ಹೋದಾಗ ನಾನು ಕೇಳಿದ್ದಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಅವರೇ ನನ್ನನ್ನು ಕೇಳಿದರು. ಮರಿ ಮುಂದಿನ ವಸಂತಕ್ಕೆ.

ಬೆಳ್ಳಿ ಆರಾಮಾಗಿದ್ದಾಳೆ. ಬೆಳಿಗ್ಗೆ ಸಂಜೆ ಬೆಲ್ಟ್ ಹಾಕಿ ನಿಧಾನ ನಡಿಗೆ, ಚೆಂಡಿಲ್ಲ, ಈಜಿಲ್ಲ. ವೇಡರಿನ ರಬ್ಬರ್ ವಾಸನೆ ಬಂದರೂ ಕುಣಿಯತೊಡಗುತ್ತಾಳೆ, ಆ ಕುಣಿತವೇ ಅವಳಿಗೆ ಅಪಾಯ. ಅದಕ್ಕೇ ಬೇಟೆಯ ಹಿಂದಿನ ರಾತ್ರಿ ಅವಳು ಮಲಗಿದ ಮೇಲೆ ಸಾಮಾನನ್ನೆಲ್ಲ ಪಕ್ಕದ ಮನೆಯವರ ಗ್ಯಾರೇಜಿಗೆ ಸಾಗಿಸುತ್ತೇನೆ. ಬೆಳಗಿನ ನಾಲ್ಕಕ್ಕೆ ಆಫೀಸಿನ ಬೂಟು ಹಾಕಿಕೊಂಡು ಮನೆಯಿಂದ ಹೊರಡುತ್ತೇನೆ.