ಡಿಎಸ್18ಬಿ20 ಟೆಂಪರೇಚರ್ ಸೆನ್ಸರ್: ಹೈಸ್ಕೂಲ್ ಕ್ಲಾಸಲ್ಲಿ ಕೆಲವು ವರ್ಷ ಬಳಸಿದ ಮೇಲೆ

ತುದೀಲಿ ಸ್ಟೀಲ್ ಕೊಳವೆ, ಹಿಂದೆ ಉದ್ದ ಕಪ್ಪು ವೈರು, ವಾಟರ್‌ಪ್ರೂಫ್ ಅಂತ ಮಾರ್ತಾರಲ್ಲ, ಆ ಸೆನ್ಸರ್ ಬಗ್ಗೆ ಬರೀತಿದೀನಿ. ಹಾಸನದ ಕಡೆ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಇದನ್ನ ಆರ್ಡುಯಿನೊ ಊನೊ ಅನ್ನೋ, ಕೋಡ್ ಹಾಕಿ ಓಡಿಸೋ ಚಿಕ್ಕ ಬೋರ್ಡಿಗೆ ಸಿಕ್ಕಿಸಿ, ಎರಡು ಸಾಲಿನ ಎಲ್‌ಸಿಡಿ ಸ್ಕ್ರೀನ್ ಹಾಕಿ, ನಿಮಿಷಕ್ಕೊಂದು ರೀಡಿಂಗನ್ನ ಮಕ್ಕಳ ಕೈಲೇ ನೋಟ್‌ಬುಕ್ಕಿಗೆ ಬರೆಸ್ತೀನಿ. ಎಸ್‌ಡಿ ಕಾರ್ಡಿಗೆ ತಾನಾಗೇ ಸೇವ್ ಆಗೋ ಹಾಗೂ ಮಾಡಬಹುದು, ಕಷ್ಟ ಏನಿಲ್ಲ, ಆದ್ರೆ ಬೇಕಂತಲೇ ಮಾಡಿಲ್ಲ.

ಯಾಕಂದ್ರೆ ಐಸ್ ಕರಗೋ ಪ್ರಯೋಗ ನೋಡಿ. ಬೀಕರಲ್ಲಿ ಪುಡಿ ಐಸು, ಸ್ವಲ್ಪ ನೀರು, ಒಬ್ರು ಕಲಕ್ತಾರೆ, ಒಬ್ರು ಟೈಮ್ ಕೂಗ್ತಾರೆ, ಒಬ್ರು ಓದ್ತಾರೆ, ಒಬ್ರು ಬರೀತಾರೆ. 0.1, 0.1, 0.2, 0.1... ಬರೀತಿದ್ದ ಹುಡುಗಿ ಪೆನ್ಸಿಲ್ ನಿಲ್ಲಿಸಿ "ಮತ್ತೆ ಅದೇ ಬರೀಬೇಕಾ ಸಾರ್?" ಅಂತಾಳೆ. ಬರಿಯಮ್ಮ, ಅದೇ ಬರಿ. ಕೆಳಗೆ ಉರಿ ಇದೆ, ಶಾಖ ಹೋಗ್ತಾನೇ ಇದೆ, ನಂಬರ್ ಮಾತ್ರ ಮೇಲೇಳ್ತಿಲ್ಲ, ಹಾಗಾದ್ರೆ ಆ ಶಾಖ ಎಲ್ಲಿಗೆ ಹೋಯ್ತು ಅನ್ನೋ ಪ್ರಶ್ನೆ ಅವರ ಬಾಯಿಂದಲೇ ಬರತ್ತೆ. ಗುಪ್ತೋಷ್ಣ ಅಂತ ಬೋರ್ಡ್ ಮೇಲೆ ಎಷ್ಟು ಸಲ ಬರೆದ್ರೂ ಇಷ್ಟು ತಲೆಗೆ ಹೋಗಲ್ಲ. ಕಂಪ್ಯೂಟರ್ ಎಳೆದುಕೊಟ್ಟ ಗ್ರಾಫಲ್ಲಿ ಅದು ಬರೀ ಒಂದು ಅಡ್ಡಗೆರೆ, ಯಾರೂ ಅದನ್ನ ಎರಡನೇ ಸಲ ನೋಡಲ್ಲ.

ಅದೇ ನೀರು ಕುದಿಯೋವಾಗ ಇನ್ನೊಂದು ಮಜಾ. 97ರ ಹತ್ರ ಬಂದು ನಿಲ್ಲತ್ತೆ, "ಸೆನ್ಸರ್ ಕೆಟ್ಟೋಗಿದೆ ಸಾರ್, ಬುಕ್ಕಲ್ಲಿ 100 ಅಂತಿದೆ". ಗಾಜಿನ ಥರ್ಮಾಮೀಟರ್ ಇಟ್ಟು ನೋಡಿ ಅಂತೀನಿ, ಅದೂ ಅಲ್ಲೇ ನಿಲ್ಲತ್ತೆ. ನಮ್ಮೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ಒತ್ತಡ ಕಮ್ಮಿ, ಅದಕ್ಕೆ. ಮಂಗಳೂರಲ್ಲಿ ಮಾಡಿದ್ರೆ 100ರ ಹತ್ರ ಬರತ್ತೆ. ಆದ್ರೆ ಒಂದು ನೆನಪಿರಲಿ, ಕಂಪನಿ ಹೇಳೋ ಅರ್ಧ ಡಿಗ್ರಿ ನಿಖರತೆ ಮೈನಸ್ 10ರಿಂದ 85 ಡಿಗ್ರಿವರೆಗೆ ಮಾತ್ರ, ಅದರ ಮೇಲೆ ಅಷ್ಟು ಭರವಸೆ ಇಲ್ಲ, ಹಾಗಾಗಿ ಕುದಿಯೋ ನೀರಿಗೆ ಗಾಜಿಂದು ಪಕ್ಕದಲ್ಲಿ ಇರಲೇಬೇಕು.

ಇದೇ ನಿಖರತೆ ವಿಷ್ಯದಲ್ಲಿ ಇನ್ನೊಂದು. ಈ ಸೆನ್ಸರ್ 0.0625 ಡಿಗ್ರಿ ಮೆಟ್ಟಿಲಲ್ಲಿ ಅಳೆಯತ್ತೆ, ಹಾಗಾಗಿ ಸ್ಕ್ರೀನಲ್ಲಿ 27.0625 ಅಂತೆಲ್ಲ ತೋರಿಸಬಹುದು, ಮಕ್ಕಳು ನಾಲ್ಕು ದಶಾಂಶ ಕಂಡ ತಕ್ಷಣ ಅಷ್ಟೂ ಸತ್ಯ ಅಂತ ನಂಬಿಬಿಡ್ತಾರೆ. ಅರ್ಧ ಡಿಗ್ರಿ ಆಚೀಚೆ ಆಗೋ ಸಾಧನಕ್ಕೆ ನಾಲ್ಕು ದಶಾಂಶ ಯಾಕೆ? ಕೋಡಲ್ಲಿ ಒಂದೇ ದಶಾಂಶ ಇಡಿ.

ಕಿರಿಕಿರಿ ಇಲ್ಲ ಅಂತಲ್ಲ. ಡೇಟಾ ವೈರಿಗೂ 5 ವೋಲ್ಟಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಇರಬೇಕು, ಅದು ಇಲ್ದಿದ್ರೆ ಅಥವಾ ವೈರು ಸಡಿಲ ಆದ್ರೆ ಮೈನಸ್ 127 ತೋರಿಸತ್ತೆ. ಇದ್ದಕ್ಕಿದ್ದ ಹಾಗೆ 85 ಬಂದ್ರೆ ಸೆನ್ಸರ್ ಈಗಷ್ಟೇ ಆನ್ ಆಗಿ ಇನ್ನೂ ಅಳೆದಿಲ್ಲ ಅಂತ ಅರ್ಥ, ಒಂದು ಅಳತೆಗೆ ಮುಕ್ಕಾಲು ಸೆಕೆಂಡ್ ಬೇಕು. ಕೈಲಿ ಬರೆಯೋರು ಇದನ್ನ ಅಲ್ಲೇ ಹಿಡೀತಾರೆ, ಐಸ್ ನೀರಲ್ಲಿ 85 ಹೆಂಗೆ ಬರತ್ತೆ ಅಂತ ಜಗಳಕ್ಕೇ ನಿಲ್ತಾರೆ. ತಪ್ಪು ನಂಬರನ್ನ ರಬ್ಬರಲ್ಲಿ ಅಳಿಸೋಕೆ ಬಿಡಲ್ಲ, ಒಂದು ಗೆರೆ ಹೊಡೆದು ಪಕ್ಕದಲ್ಲಿ ಕಾರಣ ಬರೀಬೇಕು. ಈ ಪಕ್ಕದ ಕಾಲಮ್ಮೇ ನಂಗೆ ಎಲ್ಲಕ್ಕಿಂತ ಇಷ್ಟ, "ಫ್ಯಾನ್ ಹಾಕಿದ್ರು", "ಕಲಕೋದು ನಿಲ್ಲಿಸಿದ್ವಿ", "ಐಸ್ ಪೂರ್ತಿ ಕರಗ್ತು". ಯಾವ ಎಸ್‌ಡಿ ಕಾರ್ಡೂ ಇದನ್ನ ಬರಿಯಲ್ಲ.

ಮಾರ್ಕೆಟಲ್ಲಿ ನಕಲಿ ಚಿಪ್ ಇರೋ ಸೆನ್ಸರ್ ಜಾಸ್ತಿ, ತಂದ ಕೂಡಲೇ ಎಲ್ಲಾನೂ ಒಂದೇ ಐಸ್ ನೀರಲ್ಲಿ ಇಟ್ಟು ಹೋಲಿಸಿ, ಉಳಿದವಕ್ಕಿಂತ ದೂರ ಹೋಗೋದನ್ನ ವಾಪಸ್ ಕೊಡಿ. ವೈರು ಉರಿಗೆ ತಾಗದ ಹಾಗೆ ನೋಡ್ಕೊಳ್ಳಿ, ಕರಗತ್ತೆ. ಡಿಎಚ್‌ಟಿ11 ಅಂತ ಇನ್ನೊಂದು ಸೆನ್ಸರ್ ಇದೆ, ಅಗ್ಗ ಅಂತ ಅದನ್ನ ತಗೋಬೇಡಿ, ಅದು ಗಾಳಿಗೆ, ನೀರಲ್ಲಿ ಮುಳುಗಿಸೋಕಾಗಲ್ಲ, ಮೇಲಾಗಿ ಎರಡು ಡಿಗ್ರಿ ಆಚೀಚೆ.

ಗ್ರೂಪಿಗೆ ಒಂದರಂತೆ ತಗೊಂಡು ಮೇಲೊಂದೆರಡು ಎಕ್ಸ್‌ಟ್ರಾ ಇಟ್ಕೊಳ್ಳಿ. ಎಸ್‌ಡಿ ಕಾರ್ಡ್ ಮಾಡ್ಯೂಲ್ ಆಮೇಲೆ ಸಾಕು, ರಾತ್ರಿಯೆಲ್ಲಾ ಮಣ್ಣಿನ ತಾಪ ಅಳೆಯೋ ಥರದ ಕೆಲಸ ಬಂದಾಗ, ಮಕ್ಕಳು ಕೂತು ಬರೆಯೋಕಾಗದ ಹೊತ್ತಿಗೆ.