ಗಿಟ್‌ಹಬ್ ಆ್ಯಕ್ಷನ್ಸ್ ವಿಮರ್ಶೆ: ಟೆಸ್ಟ್ ಸಲೀಸು, ಡೆಪ್ಲಾಯ್‌ಗೆ ನೀವೇ ಬೇಲಿ ಹಾಕಬೇಕು

ಕೋಡ್ ಗಿಟ್‌ಹಬ್‌ನಲ್ಲೇ ಇದ್ದರೆ ವೆಬ್ ಆ್ಯಪ್‌ನ ಟೆಸ್ಟ್‌ಗಳಿಗಾಗಿ ಬೇರೆ ಸರ್ವರ್ ಸಾಕುವುದು ವ್ಯರ್ಥ. ಕೋಡ್ ಬದಲಾದಾಗ ಟೆಸ್ಟ್‌ಗಳನ್ನೂ ಡೆಪ್ಲಾಯ್ (ಆ್ಯಪ್ ಅನ್ನು ಸರ್ವರ್‌ಗೆ ಏರಿಸುವ ಕೆಲಸ) ಅನ್ನೂ ತಾನಾಗಿ ಓಡಿಸುವ, 2019ರ ನವೆಂಬರ್‌ನಲ್ಲಿ ಎಲ್ಲರಿಗೂ ಸಿಕ್ಕ ಆ್ಯಕ್ಷನ್ಸ್ ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಪಬ್ಲಿಕ್ ರಿಪೋಗಳಿಗೆ (ಎಲ್ಲರಿಗೂ ತೆರೆದ ಕೋಡ್ ಸಂಗ್ರಹಗಳಿಗೆ) ಸಾಮಾನ್ಯ ರನ್ನರ್‌ಗಳು, ಅಂದರೆ ಕೆಲಸ ಓಡಿಸುವ ಗಿಟ್‌ಹಬ್‌ನ ಯಂತ್ರಗಳು, ಉಚಿತ. ಪ್ರೈವೇಟ್ ರಿಪೋ ಆದರೆ ಉಚಿತ ಖಾತೆಗೆ ತಿಂಗಳಿಗೆ 2,000 ನಿಮಿಷ. ಇಲ್ಲಿ ಒಂದು ಸೂಕ್ಷ್ಮವಿದೆ: ಪ್ರತಿ ಜಾಬ್‌ನ (ಒಂದು ರನ್ನರ್ ಮೇಲೆ ಓಡುವ ಸ್ಟೆಪ್‌ಗಳ ಗುಂಪಿನ) ಸಮಯವನ್ನು ಪೂರ್ತಿ ನಿಮಿಷಕ್ಕೆ ಏರಿಸಿ ಲೆಕ್ಕ ಹಿಡಿಯುತ್ತಾರೆ. ಹತ್ತು ಸೆಕೆಂಡಿನ ಲಿಂಟ್‌ಗೂ (ಕೋಡ್‌ನ ಶೈಲಿ, ತಪ್ಪುಗಳ ತಪಾಸಣೆಗೂ) ಒಂದು ನಿಮಿಷ ಹೋಗುತ್ತದೆ. ಆದ್ದರಿಂದ ಚಿಲ್ಲರೆ ಜಾಬ್‌ಗಳನ್ನು ಒಂದೇ ಜಾಬ್‌ನ ಸ್ಟೆಪ್‌ಗಳಾಗಿ ಸೇರಿಸಿಬಿಡಿ.

ನೋಡ್ (ಜಾವಾಸ್ಕ್ರಿಪ್ಟ್) ಆ್ಯಪ್‌ಗೆ ಲೈಬ್ರರಿಗಳನ್ನು ತರಲು ‘ಎನ್‌ಪಿಎಂ ಇನ್‌ಸ್ಟಾಲ್’ ಬೇಡ, ‘ಎನ್‌ಪಿಎಂ ಸಿಐ’ ಬಳಸಿ. ಲೈಬ್ರರಿಗಳ ನಿಖರ ಆವೃತ್ತಿಗಳ ಪಟ್ಟಿಯಾದ ಲಾಕ್ ಫೈಲ್ ತಾಳೆಯಾಗದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಇನ್‌ಸ್ಟಾಲ್ ಮಾತ್ರ ಸದ್ದಿಲ್ಲದೆ ಬೇರೆ ಆವೃತ್ತಿ ತಂದುಬಿಡಬಹುದು. ಪೈಥಾನ್ ಆದರೆ ಯಾಮಲ್‌ನಲ್ಲಿ (ಆ್ಯಕ್ಷನ್ಸ್‌ಗೆ ಸೂಚನೆ ಬರೆಯುವ ಫೈಲ್‌ನಲ್ಲಿ) ಆವೃತ್ತಿ 3.10 ಅನ್ನು ಉದ್ಧರಣ ಚಿಹ್ನೆಯೊಳಗೇ ಬರೆಯಿರಿ. ಬರೀ ಸಂಖ್ಯೆಯಾಗಿ ಬರೆದರೆ ಯಾಮಲ್ ಅದನ್ನು 3.1 ಎಂದು ಓದುತ್ತದೆ.

ಹೆಚ್ಚು ಜನ ಎಡವುವುದು ಡೇಟಾಬೇಸ್‌ನಲ್ಲಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಅನ್ನು ಸರ್ವೀಸ್ ಕಂಟೇನರ್ (ಜಾಬ್ ಓಡುವಷ್ಟು ಹೊತ್ತು ಪಕ್ಕದಲ್ಲಿರುವ ಪ್ರತ್ಯೇಕ ಡಬ್ಬಿ) ಆಗಿ ಸೇರಿಸುವುದು ನಾಲ್ಕು ಸಾಲಿನ ಕೆಲಸ. ಆದರೆ ಕಂಟೇನರ್ ಎದ್ದ ಮಾತ್ರಕ್ಕೆ ಪೋಸ್ಟ್‌ಗ್ರೆಸ್ ಸಿದ್ಧವಾಗಿದೆ ಎಂದಲ್ಲ. ಅದು ಸಿದ್ಧವೇ ಎಂದು ಕೇಳುವ ಹೆಲ್ತ್ ಚೆಕ್ ಬಿಟ್ಟರೆ ಟೆಸ್ಟ್ ಒಮ್ಮೆ ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಿದ್ದು, ಮತ್ತೆ ಓಡಿಸಿದಾಗ ಪಾಸ್ ಆಗುತ್ತದೆ. ತಂಡದವರು ಟೆಸ್ಟ್‌ನದ್ದೇ ದೋಷ ಎಂದುಕೊಳ್ಳುತ್ತಾರೆ. ಆಪ್ಷನ್ಸ್‌ನಲ್ಲಿ ‘ಪಿಜಿ_ಈಸ್‌ರೆಡಿ’ ಚೆಕ್ ಹಾಕಿ. 10 ಸೆಕೆಂಡಿಗೊಮ್ಮೆ, 5 ಸಲ ಸಾಕು. ವಿಳಾಸದಲ್ಲೂ ಗೊಂದಲವಿದೆ: ಜಾಬ್ ನೇರವಾಗಿ ರನ್ನರ್ ಮೇಲೆ ಓಡುತ್ತಿದ್ದರೆ ಪೋರ್ಟ್ ಮ್ಯಾಪ್ ಮಾಡಿ ‘ಲೋಕಲ್‌ಹೋಸ್ಟ್’ ಎನ್ನಬೇಕು, ಜಾಬ್ ತಾನೇ ಕಂಟೇನರ್‌ನೊಳಗಿದ್ದರೆ ಸರ್ವೀಸ್‌ನ ಹೆಸರೇ ಹೋಸ್ಟ್.

ಇನ್ನೊಂದು, ಟೈಮ್‌ಔಟ್. ಜಾಬ್ ಸಿಕ್ಕಿಹಾಕಿಕೊಂಡರೆ ಗಿಟ್‌ಹಬ್ ತಾನಾಗಿ ನಿಲ್ಲಿಸುವುದು 360 ನಿಮಿಷಕ್ಕೆ. ಅಂಥ ಆರು ರಾತ್ರಿಗಳಲ್ಲಿ ತಿಂಗಳ ಉಚಿತ ಪಾಲು ಮುಗಿಯಿತು. 15 ನಿಮಿಷದ ಮಿತಿಯನ್ನು ಮೊದಲ ದಿನವೇ ಬರೆದಿಡಿ.

ಡೆಪ್ಲಾಯ್ ವಿಷಯಕ್ಕೆ ಬಂದರೆ ನಮ್ಮ ಅಭಿಪ್ರಾಯ ಅಷ್ಟು ಉದಾರವಲ್ಲ. ಆ್ಯಕ್ಷನ್ಸ್ ಇಲ್ಲಿ ನೀವು ಹೇಳಿದ್ದನ್ನಷ್ಟೇ ಮಾಡುತ್ತದೆ, ಕಾಯುವುದಿಲ್ಲ. ಟೆಸ್ಟ್ ಪಾಸಾದ ಮೇಲೇ ಓಡು ಎನ್ನುವ ‘ನೀಡ್ಸ್’ ಬರೆಯದಿದ್ದರೆ ಟೆಸ್ಟ್ ಬೀಳುತ್ತಿರುವಾಗಲೇ ಪಕ್ಕದಲ್ಲಿ ಡೆಪ್ಲಾಯ್ ಓಡುತ್ತಿರುತ್ತದೆ. ಐದು ನಿಮಿಷದ ಅಂತರದಲ್ಲಿ ಎರಡು ಪುಶ್ (ಹೊಸ ಕೋಡ್ ಕಳಿಸುವಿಕೆ) ಬಂದು, ಮೊದಲನೆಯದು ನಿಧಾನವಾದರೆ ಹಳೆಯ ಕೋಡ್ ಹೊಸದರ ಮೇಲೆ ಕೂರುತ್ತದೆ. ಇದಕ್ಕೆ ಒಮ್ಮೆಗೆ ಒಂದನ್ನೇ ಓಡಲು ಬಿಡುವ ‘ಕನ್‌ಕರೆನ್ಸಿ’ ಗುಂಪು ಬೇಕೇಬೇಕು. ಟೆಸ್ಟ್‌ಗಳಲ್ಲಿ ಓಡುತ್ತಿರುವುದನ್ನು ರದ್ದು ಮಾಡುವ ಆಯ್ಕೆ ಒಳ್ಳೆಯದೇ, ಡೆಪ್ಲಾಯ್‌ನಲ್ಲಿ ಮಾತ್ರ ಬೇಡ: ಡೇಟಾಬೇಸ್‌ನ ರಚನೆ ಬದಲಿಸುವ ಮೈಗ್ರೇಷನ್ ಅರ್ಧಕ್ಕೆ ಕಡಿದುಹೋದರೆ ಡೇಟಾಬೇಸ್ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಾಗುತ್ತದೆ.

ಕ್ಲೌಡ್‌ನ ಶಾಶ್ವತ ಕೀಲಿಗಳನ್ನು ಸೀಕ್ರೆಟ್ಸ್‌ನಲ್ಲಿ (ಗಿಟ್‌ಹಬ್‌ನ ಗುಪ್ತ ಪೆಟ್ಟಿಗೆಯಲ್ಲಿ) ಇಡುವ ಅಭ್ಯಾಸ ಬಿಡಿ. ಓಐಡಿಸಿ (ಗಿಟ್‌ಹಬ್ ನೀಡುವ ಗುರುತನ್ನು ಕ್ಲೌಡ್ ನಂಬುವ ವಿಧಾನ) ಮೂಲಕ ಆ ಓಟಕ್ಕೆ ಮಾತ್ರ ಸಲ್ಲುವ ಟೋಕನ್ ಸಿಗುತ್ತದೆ, ಮತ್ತು ಇದು ಈ ಉತ್ಪನ್ನದ ಅತ್ಯುತ್ತಮ ಭಾಗ. ಹೊರಗಿನವರು ಬರೆದ ಸಿದ್ಧ ಸ್ಟೆಪ್‌ಗಳಾದ ಆ್ಯಕ್ಷನ್‌ಗಳನ್ನು ಬೇರೆಡೆಗೆ ತಿರುಗಿಸಬಹುದಾದ ಟ್ಯಾಗ್‌ನಿಂದ ಅಲ್ಲ, ಒಂದೇ ಕೋಡ್‌ ಆವೃತ್ತಿಯನ್ನು (ಕಮಿಟ್) ಗುರುತಿಸುವ ಪೂರ್ತಿ ಕಮಿಟ್ ಹ್ಯಾಶ್‌ನಿಂದ ಕರೆಯಿರಿ. 2025ರ ಮಾರ್ಚ್‌ನಲ್ಲಿ ‘ಟಿಜೆ-ಆ್ಯಕ್ಷನ್ಸ್/ಚೇಂಜ್ಡ್-ಫೈಲ್ಸ್’ನ ಟ್ಯಾಗ್‌ಗಳನ್ನು ದಾಳಿಕೋರರು ಬೇರೆ ಕಮಿಟ್‌ಗೆ ತಿರುಗಿಸಿದಾಗ ಬಳಕೆದಾರರ ಸೀಕ್ರೆಟ್‌ಗಳು ಲಾಗ್‌ನಲ್ಲೇ ಮುದ್ರಣವಾದವು. ಹ್ಯಾಶ್ ಹಿಡಿದು ಬಳಸಿದ್ದವರಿಗೆ ಟ್ಯಾಗ್ ಎತ್ತ ತಿರುಗಿದರೂ ಚಿಂತೆಯಿರಲಿಲ್ಲ.

ಬೇಸರದ ಸಂಗತಿ, ಡೆಪ್ಲಾಯ್‌ಗೆ ಮುನ್ನ ಒಬ್ಬರ ಒಪ್ಪಿಗೆ ಕಡ್ಡಾಯ ಮಾಡುವ ಸೌಲಭ್ಯ ಪ್ರೈವೇಟ್ ರಿಪೋಗಳಿಗೆ ಎಂಟರ್‌ಪ್ರೈಸ್ ಪ್ಲಾನ್‌ನಲ್ಲಷ್ಟೇ ಇದೆ. ಚಿಕ್ಕ ತಂಡಗಳಿಗೇ ಅದು ಹೆಚ್ಚು ಬೇಕು.

ಸರ್ವರ್ ಅನ್ನು ಹಿಂದಿನ ಆವೃತ್ತಿಗೆ ಒಯ್ಯುವ ಸಿದ್ಧ ಬಟನ್ ಕೂಡ ಇಲ್ಲ. ಪ್ರತಿ ಬಿಲ್ಡ್‌ನ ಡಾಕರ್ ಇಮೇಜ್‌ಗೆ (ಓಡಲು ಸಿದ್ಧವಾದ ಆ್ಯಪ್‌ನ ಕಟ್ಟಿಗೆ) ಕಮಿಟ್ ಹ್ಯಾಶನ್ನೇ ಟ್ಯಾಗ್ ಆಗಿ ಕೊಟ್ಟು, ಆ ಹ್ಯಾಶ್ ಕೇಳುವ, ಕೈಯಾರೆ ಓಡಿಸುವ ‘ವರ್ಕ್‌ಫ್ಲೋ_ಡಿಸ್‌ಪ್ಯಾಚ್’ ಒಂದನ್ನು ಬರೆದಿಟ್ಟರೆ ಹಳೆಯ ಇಮೇಜ್ ಮತ್ತೆ ಬಿಲ್ಡ್ ಆಗದೆ ಮರಳಿ ಬರುತ್ತದೆ. ಕಾಲಂ ಅಳಿಸುವ ಮೈಗ್ರೇಷನ್ ಅನ್ನು ಮುಂದಿನ ಬಿಡುಗಡೆಗೆ ತಳ್ಳಿದ್ದರೆ ಮಾತ್ರ ಆ ಹಳೆಯ ಇಮೇಜ್ ಓಡೀತು.